‘ರನ್’ ಅಂದ್ರೆ ಬರೀ ಓಡೋದಲ್ಲ: ಒಂದು ಪದದ ಹತ್ತಾರು ಅರ್ಥ ಹಿಡಿಯೋದು ಹೇಗೆ

ಇಂಗ್ಲಿಷಿನ ‘ರನ್’ ಕಲಿಯುವ ಮೊದಲು ನಮ್ಮ ‘ಹತ್ತು’ ನೋಡಿ. ಅಂಕಿ ಹತ್ತಲ್ಲ, ಬಸ್ ಹತ್ತುತ್ತೀವಲ್ಲ, ಆ ಹತ್ತು. ವಿಜಯಪುರದ ಕಡೆ ನಮಗೆ ನಿದ್ದಿ ಹತ್ತುತ್ತದೆ, ಬಣವಿಗೆ ಬೆಂಕಿ ಹತ್ತುತ್ತದೆ, ಗುಟ್ಕಾ ಚಟ ಹತ್ತುತ್ತದೆ, ಬಾಗಲಕೋಟೆಗೆ ಹೋಗೋಕೆ ಎರಡು ತಾಸು ಹತ್ತುತ್ತದೆ. ‘ಮಾಡಾಕತ್ತೀನಿ’ ಅನ್ನುವುದರ ಬಾಲದಲ್ಲೂ ಅದೇ ಹತ್ತು ಕೂತಿದೆ. ಇದನ್ನೆಲ್ಲ ಯಾರೂ ಬಾಯಿಪಾಠ ಮಾಡಿಲ್ಲ, ಅಲ್ವಾ? ಪಕ್ಕದಲ್ಲಿ ಬಸ್ ಇದೆಯೋ ಬೆಂಕಿ ಇದೆಯೋ ನೋಡಿ ಅರ್ಥ ಹಿಡಿಯುತ್ತೇವೆ. ‘ರನ್’ ಕೂಡ ಹೀಗೇ ಹಿಡಿಯಬೇಕು.

ಸಂಜೆ ನಮ್ಮ ಓಣಿಯ ನಾಲ್ಕು ಹುಡುಗರಿಗೆ ಬ್ಯಾಂಕ್ ಪರೀಕ್ಷೆಯ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ದ ರೋಡ್ ರನ್ಸ್ ಥ್ರೂ ಕೊಲ್ಹಾರ’ ಅಂತ ಬರೆದರೆ ಒಬ್ಬ ಕೇಳಿದ, “ಸರ್, ರೋಡಿಗೆ ಕಾಲ ಎಲ್ಲೈತ್ರಿ ಓಡಾಕ?” ಒಳ್ಳೆ ಪ್ರಶ್ನೆ. ನಾನೂ ತಿರುಗಿ ಕೇಳಿದೆ: ನೀನು ‘ರಸ್ತೆ ಕೊಲ್ಹಾರದ ಮೇಲೆ ಹಾಯ್ದು ಹೋಗ್ತೈತಿ’ ಅಂತೀಯಲ್ಲ, ಹೋಗೋಕೆ ಕಾಲು ಬೇಡವಾ?

ಅರ್ಥದ ಪಟ್ಟಿ ಉರುಹೊಡೆಯಲು ಹೋಗಬೇಡಿ, ಮುಗಿಯುವುದಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದು. ಆಮೇಲೆ ಪರಿಷ್ಕರಣೆ ಮಾಡುವಾಗ ‘ರನ್’ ಅದನ್ನು ದಾಟಿತು, ಕ್ರಿಯಾಪದವಾಗಿಯೇ 645 ಅರ್ಥ. ಆ ಒಂದು ಪದಕ್ಕೆ ಕೂತ ಸಂಪಾದಕರಿಗೆ ಸುಮಾರು ಒಂಬತ್ತು ತಿಂಗಳು ಬೇಕಾಯಿತು. ನಮಗೆ ಹದಿನೈದು ಗೊತ್ತಿದ್ದರೆ ದಿನದ ಬಳಕೆಗೂ ಪರೀಕ್ಷೆಗೂ ಬೇಕಾದಷ್ಟಾಯಿತು.

ನೋಟ್‌ಬುಕ್ಕಿನಲ್ಲಿ ಅಡ್ಡ ಮೂರು ಮನೆ ಮಾಡಿ. ಮೊದಲ ಮನೆಯಲ್ಲಿ ‘ರನ್’ ಜೊತೆ ಬರುವ ಪದ, ಎರಡನೆಯದರಲ್ಲಿ ಅದಕ್ಕೆ ನೀವು ಮನೆಯಲ್ಲಿ ಆಡುವ ಕನ್ನಡ, ಮೂರನೆಯದರಲ್ಲಿ ಮಾತ್ರ ಇಂಗ್ಲಿಷ್ ಸಮಾನಪದ. ನಡುವಿನ ಮನೆ ಬಿಡಬೇಡಿ, ಕೆಲಸವೆಲ್ಲ ಅಲ್ಲೇ ಆಗುವುದು. ಖಾನಾವಳಿ: ನಡೆಸು: ಮ್ಯಾನೇಜ್. ಬಸ್: ಓಡಾಡು: ಆಪರೇಟ್. ಕಾಲುವೆ ನೀರು: ಹರಿ: ಫ್ಲೋ. ಎಲೆಕ್ಷನ್: ನಿಲ್ಲು: ಕಂಟೆಸ್ಟ್. ಬರೆಯುತ್ತಾ ಹೋದರೆ ಮಜಾ ಗೊತ್ತಾಗುತ್ತದೆ. ಖಾನಾವಳಿಯನ್ನು ಇಂಗ್ಲಿಷಿನವರು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ನಾವು ನಿಲ್ಲುತ್ತೇವೆ, ಬ್ರಿಟಿಷರೂ ನಮ್ಮ ಹಾಗೆ ‘ಸ್ಟ್ಯಾಂಡ್’ ಅನ್ನುತ್ತಾರೆ. ಸಿನಿಮಾ ಮಾತ್ರ ಇಬ್ಬರಲ್ಲೂ ಓಡುತ್ತದೆ.

ಈಗ ಸಮಾನಪದದ ತಾಪತ್ರಯ. ಮೂರನೇ ಮನೆಯ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೆ ಕೆಡುತ್ತದೆ. ‘ಮೈ ನೋಸ್ ಈಸ್ ರನ್ನಿಂಗ್’ ಅಂದರೆ ಮೂಗು ಸೋರುತ್ತಿದೆ. ಅಲ್ಲಿ ‘ಆಪರೇಟಿಂಗ್’ ಇಟ್ಟು ನೋಡಿ, ಮೂಗು ಡ್ಯೂಟಿಗೆ ಹೋದ ಹಾಗಾಗುತ್ತದೆ. ಅದಕ್ಕೇ ಸಮಾನಪದ ಬರೆದ ಕೂಡಲೇ ಅದೇ ವಾಕ್ಯದಲ್ಲಿ ಕೂರಿಸಿ ಒಮ್ಮೆ ಜೋರಾಗಿ ಓದಿ.

ನನಗೆ ಇದು ಚೆನ್ನಾಗಿ ತಲೆಗೆ ಹೋಗಿದ್ದು ಒಂದು ಇಳಕಲ್ ಸೀರೆಯಿಂದ. ಅವ್ವನ ಹೊಸ ಸೀರೆಯನ್ನು, ತಿಳಿಯದೆ, ನನ್ನ ಬಿಳಿ ಬನಿಯನ್ ಜೊತೆ ಒಂದೇ ಬಕೆಟ್ಟಿಗೆ ನೆನೆಹಾಕಿದ್ದೆ. ಕಾಲು ತಾಸಿನಲ್ಲಿ ನೀರು ಬೀಟ್‌ರೂಟ್ ಕುದಿಸಿದ ಹಾಗೆ ಆಗಿತ್ತು. “ಬಣ್ಣ ಬಿಟ್ಟೈತಿ ನೋಡೋ, ಹೊಸಾ ಸೀರಿ ಬ್ಯಾರೆ ನೆನಿಹಾಕಬೇಕು ಅನ್ನೋದು ತಿಳೀಲಿಲ್ಲೇನು?” ಅಂತ ಅವ್ವ ಬೈದಳು. ಮರುದಿನ ಹುಡುಗರ ಮುಂದೆ ಆ ಗುಲಾಬಿ ಬನಿಯನ್ ಹಿಡಿದು ‘ದ ಕಲರ್ ರ‍್ಯಾನ್’ ಅಂದೆ. ಸಮಾನಪದ ಏನು? ಒಬ್ಬ ‘ಫೇಡ್’ ಅಂದ. ತಪ್ಪು. ಸೀರೆಯ ಬಣ್ಣ ಬಿಸಿಲಿಗೆ ಮಾಸಿ ಮಂಕಾದರೆ ‘ಫೇಡ್’, ಬಿಟ್ಟ ಬಣ್ಣ ಬೇರೆ ಬಟ್ಟೆಗೆ ಹತ್ತಿದರೆ ‘ರನ್’, ಇಲ್ಲ ‘ಬ್ಲೀಡ್’. ಕನ್ನಡದಲ್ಲಿ ಎರಡಕ್ಕೂ ‘ಬಣ್ಣ ಹೋಯ್ತು’ ಅಂದುಬಿಡುತ್ತೇವೆ, ಎಡವುವುದು ಅಲ್ಲೇ. ನಡುವಿನ ಮನೆಯಲ್ಲಿ ‘ಬಿಡು’, ‘ಮಾಸು’ ಅಂತ ಬಿಡಿಸಿ ಬರೆದಿದ್ದರೆ ಅವನು ತಪ್ಪುತ್ತಿರಲಿಲ್ಲ.

ಹಿಂದೆ ಸಣ್ಣ ಪದ ಅಂಟಿಕೊಂಡರೆ ಅದನ್ನು ಹೊಸ ಪದ ಅಂತಲೇ ಲೆಕ್ಕ ಹಿಡಿದು ಬೇರೆ ಪುಟದಲ್ಲಿ ಬರೆಯಿರಿ. ಪೆಟ್ರೋಲ್ ‘ರನ್ ಔಟ್’ ಆದರೆ ಖಾಲಿ. ಸಂತೆಯಲ್ಲಿ ಹಳೆ ಗೆಳೆಯ ಅಚಾನಕ್ ಸಿಕ್ಕರೆ ‘ರನ್ ಇಂಟು’, ಗಾಡಿ ಕಂಬಕ್ಕೆ ಗುದ್ದಿದರೂ ‘ರನ್ ಇಂಟು’. ‘ರನ್ ಓವರ್’ ಅಂದರೆ ಗಾಡಿ ಮೈಮೇಲೆ ಹಾಯುವುದು, ಇದನ್ನು ಅದಲುಬದಲು ಮಾಡಿ ‘ಗೆಳೆಯನನ್ನು ರನ್ ಓವರ್ ಮಾಡಿದೆ’ ಅಂದರೆ ಪೊಲೀಸರು ಬರುತ್ತಾರೆ.

ರೂಪಗಳದ್ದೂ ಒಂದು ಮಾತು. ರನ್, ರ‍್ಯಾನ್, ಮತ್ತೆ ರನ್. ‘ಹ್ಯಾವ್’ ಬಂದರೆ ‘ರ‍್ಯಾನ್’ ಬೇಡ. ಇಷ್ಟೇ.

ದಿನಕ್ಕೆ ಎರಡು ಸಾಲು ಸಾಕು, ಒಂದೇ ಸಂಜೆ ಇಪ್ಪತ್ತು ತುಂಬಿದವರು ಮೂರನೇ ದಿನ ನೋಟ್‌ಬುಕ್ ತೆರೆದಿದ್ದನ್ನು ನಾನು ನೋಡಿಲ್ಲ. ವಾರಕ್ಕೊಮ್ಮೆ ಮೊದಲ ಮನೆ ಮುಚ್ಚಿ, ಉಳಿದೆರಡು ನೋಡಿ ಜೊತೆಯ ಪದ ಹೇಳಲು ಪ್ರಯತ್ನಿಸಿ. ‘ರನ್’ ಮುಗಿದ ಮೇಲೆ ‘ಸೆಟ್’ಗೆ ಕೈಹಾಕಿ. ಅದಕ್ಕೆ ಅಭ್ಯಾಸಕ್ಕಾಗಿ ನಮ್ಮ ‘ಹಚ್ಚು’ ಇಟ್ಟುಕೊಳ್ಳಿ: ದೀಪ ಹಚ್ಚು, ಗಿಡ ಹಚ್ಚು, ಫೋನ್ ಹಚ್ಚು, ಹುಡುಗನನ್ನು ಸಾಲಿಗೆ (ಶಾಲೆಗೆ) ಹಚ್ಚು.