ಹೆಲಿಕಾಪ್ಟರಿನ ಮೂಗು ನನ್ನತ್ತ ತಿರುಗಿದಾಗ

ಮೂರು ವರ್ಷ ರೇಡಿಯೋ ನಿಯಂತ್ರಿತ ವಿಮಾನಗಳನ್ನು ಹಾರಿಸಿದ್ದ ನಾನು, ಹೆಲಿಕಾಪ್ಟರ್ ಎಂದರೆ ಅದರ ಮುಂದಿನ ಮೆಟ್ಟಿಲು ಎಂದು ನಂಬಿದ್ದೆ. ಆ ನಂಬಿಕೆ ಒಂದು ವಾರವೂ ಉಳಿಯಲಿಲ್ಲ. ಕಲಿಯುವವರಿಗೆಂದು ರೆಕ್ಕೆಗಳನ್ನು ತುಸು ಮೇಲ್ಮುಖವಾಗಿ ಕೂಡಿಸಿದ ವಿಮಾನವು ಕೈಬಿಟ್ಟರೂ ತಾನಾಗಿಯೇ ಸಮಸ್ಥಿತಿಗೆ ಮರಳುತ್ತದೆ. ಹೆಲಿಕಾಪ್ಟರ್ ಮಾತ್ರ ಯಾವ ಕಡೆಗೆ ವಾಲಿತೋ ಆ ಕಡೆಗೇ ಜಾರುತ್ತಾ ಹೋಗುತ್ತದೆ. ಅದನ್ನು ತಡೆಯಲು ಕೈಯಲ್ಲಿನ ರಿಮೋಟಿನ ಸ್ಟಿಕ್ಕನ್ನು ಎದುರು ದಿಕ್ಕಿಗೆ ಒತ್ತಬೇಕು, ಜಾರುವುದು ನಿಲ್ಲುತ್ತಿದ್ದಂತೆಯೇ ಆ ಒತ್ತನ್ನು ಅಳಿಸಲು ಮತ್ತೆ ಗುಂಜಿಯಷ್ಟು ಈಚೆಗೆ ತರಬೇಕು. ಪ್ರತಿ ತಿದ್ದುಪಡಿಗೂ ಹೀಗೆ ಇನ್ನೊಂದು ತಿದ್ದುಪಡಿ ಜೋಡಿಯಾಗಿರುತ್ತದೆ ಎಂಬುದು ಬೆರಳುಗಳಿಗೆ ತಿಳಿಯುವವರೆಗೆ ಹೆಲಿಕಾಪ್ಟರನ್ನು ಗಾಳಿಯಲ್ಲಿ ಒಂದೆಡೆ ನಿಲ್ಲಿಸಲು ಸಾಧ್ಯವಿಲ್ಲ.

ನಾನು ಕೊಂಡದ್ದು 450 ಎಂಬ ಗಾತ್ರದ ವರ್ಗಕ್ಕೆ ಸೇರಿದ ವಿದ್ಯುತ್ ಹೆಲಿಕಾಪ್ಟರ್. ಅದರ ಮುಖ್ಯ ಬ್ಲೇಡುಗಳು ತಲಾ 325 ಮಿಲಿಮೀಟರ್ ಉದ್ದ. ಅವು ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಬ್ಲೇಡಿನ ತುದಿ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿರುತ್ತದೆ. ಇದನ್ನು ಆಟಿಕೆ ಎಂದು ಕರೆಯುವುದು ನನಗೆ ಇಂದಿಗೂ ಒಪ್ಪಿತವಲ್ಲ. ಬ್ಯಾಟರಿ ಜೋಡಿಸುವ ಮೊದಲು ಮೋಟಾರನ್ನು ತಡೆಹಿಡಿಯುವ ಸ್ವಿಚ್ಚನ್ನು ಹಾಕುವುದು, ಆರೇಳು ಮೀಟರ್ ದೂರ ನಿಲ್ಲುವುದು, ಮಕ್ಕಳು ಸುತ್ತ ಸೇರಿದರೆ ಆ ದಿನದ ಹಾರಾಟವನ್ನೇ ಕೈಬಿಡುವುದು, ಈ ಮೂರನ್ನು ನಾನು ಒಮ್ಮೆಯೂ ಮೀರಿಲ್ಲ.

ಅಂಗಡಿಯವರು ಜೋಡಿಸಿಯೇ ಕೊಟ್ಟಿದ್ದರಿಂದ ಸ್ಕ್ರೂಗಳನ್ನು ನಾನು ಪರೀಕ್ಷಿಸಲಿಲ್ಲ. ನಾಲ್ಕನೆಯ ದಿನ ಸೊಂಟದೆತ್ತರದಲ್ಲಿದ್ದಾಗ ಯಂತ್ರವೇ ಸುತ್ತದಂತೆ ತಡೆಯುವ ಬಾಲದ ರೋಟರಿನ (ತಿರುಗುವ ಪುಟ್ಟ ಬ್ಲೇಡುಗಳ) ನಡುವಿನ ಗುಂಬವನ್ನು ಹಿಡಿದಿದ್ದ ಪುಟ್ಟ ಸ್ಕ್ರೂ ಸಡಿಲವಾಗಿ, ಇಡೀ ಯಂತ್ರ ಬುಗುರಿಯಂತೆ ಸುತ್ತಿ ನೆಲಕ್ಕೆ ಬಡಿಯಿತು. ಎರಡು ಬ್ಲೇಡು, ಮುಖ್ಯ ಗೇರು, ಬಾಲದ ಕೊಳವೆ ಎಲ್ಲವೂ ಹೋದವು. ಬಿಚ್ಚಿ ನೋಡಿದರೆ ಆ ಸ್ಕ್ರೂವಿಗೆ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿದ ಗುರುತೇ ಇರಲಿಲ್ಲ. ಅಂದು ರಾತ್ರಿಯಿಂದ ಹೆಲಿಕಾಪ್ಟರನ್ನು ಪೂರ್ತಿ ಬಿಚ್ಚಿ, ಲೋಹಕ್ಕೆ ಲೋಹ ಕೂಡುವ ಪ್ರತಿಯೊಂದು ಸ್ಕ್ರೂವಿನ ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹಲ್ಲುಕಡ್ಡಿಯ ತುದಿಯಿಂದ ನೀಲಿ ಥ್ರೆಡ್‌ಲಾಕರನ್ನು ಒಂದೊಂದೇ ತೊಟ್ಟು ಸವರಿ ಮತ್ತೆ ಬಿಗಿದೆ. ಪ್ಲಾಸ್ಟಿಕ್ಕಿನೊಳಗೆ ಹೋಗುವ ಸ್ಕ್ರೂಗಳಿಗೆ ಅದನ್ನು ತಾಗಿಸಬಾರದು. ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಈ ಕೆಲಸಕ್ಕೆ ಮೂರು ಸಂಜೆ ಹಿಡಿಯಿತು, ಆದರೆ ಯಂತ್ರದ ಒಂದೊಂದು ಕೀಲೂ ನನಗೆ ಪರಿಚಯವಾದದ್ದು ಆಗಲೇ.

ಅನಂತರ ತುಮಕೂರಿನ ಹೊರವಲಯದ ಬತ್ತಿದ ಕೆರೆಯಂಗಳದಲ್ಲಿ, ಗಾಳಿ ಏಳುವ ಮುನ್ನ, ಬೆಳಗಿನ ಆರೂವರೆಗೆ ಅಭ್ಯಾಸ ಆರಂಭಿಸಿದೆ. ಹೆಲಿಕಾಪ್ಟರಿನ ಕಾಲುಗಳ ಕೆಳಗೆ ಎರಡು ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿ ತುದಿಗಳಿಗೆ ಪಿಂಗ್‌ಪಾಂಗ್ ಚೆಂಡು ಸಿಕ್ಕಿಸಿದ್ದರಿಂದ ಓರೆಯಾಗಿ ಇಳಿದರೂ ಮಗುಚುತ್ತಿರಲಿಲ್ಲ. ಮೊದಲ ಹತ್ತು ಬ್ಯಾಟರಿಗಳಲ್ಲಿ ನೆಲ ಬಿಡಲೇ ಇಲ್ಲ. ಭಾರ ಹಗುರಾಗುವಷ್ಟು ಮಾತ್ರ ಎತ್ತಿ, ಚೆಂಡುಗಳ ಮೇಲೆ ಹಿಂದಕ್ಕೆ ಮುಂದಕ್ಕೆ ಜಾರಿಸಿದೆ. ಬಳಿಕ ಎದೆಯೆತ್ತರಕ್ಕೆ ಏರಿಸಿದೆ. ಮೊಣಕಾಲೆತ್ತರ ಸುರಕ್ಷಿತವೆಂದು ಹೊಸಬರಿಗೆ ತೋರುತ್ತದೆ, ಆದರೆ ರೋಟರ್ ಕೆಳಕ್ಕೆ ತಳ್ಳಿದ ಗಾಳಿ ಅಲ್ಲಿ ನೆಲಕ್ಕೆ ಬಡಿದು ಮರಳುವುದರಿಂದ ಹೆಲಿಕಾಪ್ಟರ್ ತಡಬಡಿಸುತ್ತದೆ. ನಿಶ್ಚಲವಾಗಿ ನಿಂತಾಗಲೂ ಅದು ಬಲಕ್ಕೆ ತುಸು ವಾಲಿಯೇ ಇರುವುದನ್ನು ಕಂಡು ದೋಷವೆಂದು ಭಾವಿಸಿದ್ದೆ. ಬಾಲದ ರೋಟರ್ ಇಡೀ ಯಂತ್ರವನ್ನು ಎಡಕ್ಕೆ ನೂಕುತ್ತಿರುತ್ತದೆ, ಆ ನೂಕನ್ನು ಸರಿದೂಗಿಸಲು ಈ ವಾಲಿಕೆ ಬೇಕೇ ಬೇಕು.

ಬಾಲ ನನ್ನತ್ತ ಇದ್ದಾಗ ಎರಡು ತಿಂಗಳಲ್ಲಿ ಕೈ ಕುದುರಿತು. ಮೂಗು ನನ್ನತ್ತ ತಿರುಗಿದಾಗ ಕಲಿತದ್ದೆಲ್ಲ ಕೈಕೊಟ್ಟಿತು. ಆಗ ಹೆಲಿಕಾಪ್ಟರಿನ ಎಡ ನನ್ನ ಬಲವಾಗಿರುತ್ತದೆ. ಅದು ನನ್ನ ಬಲಕ್ಕೆ ಜಾರಿದಾಗ ಸ್ಟಿಕ್ಕನ್ನೂ ಬಲಕ್ಕೇ ಒತ್ತಬೇಕು. ಯೋಚಿಸಿ ಒತ್ತುವಷ್ಟರಲ್ಲಿ ಅದು ನಾಲ್ಕು ಮೀಟರ್ ಆಚೆ ಹೋಗಿರುತ್ತದೆ. ಜಾರುವ ಕಡೆಗೆ ಊರುಗೋಲು ಕೊಟ್ಟಂತೆ ಸ್ಟಿಕ್ಕನ್ನು ಒತ್ತಬೇಕೆಂದು ಮನಸ್ಸಿನಲ್ಲಿ ಚಿತ್ರಿಸಿಕೊಂಡದ್ದು ನನಗೆ ನೆರವಾಯಿತು. ಒಮ್ಮೆಲೇ ತಿರುಗಿಸುವುದನ್ನು ಬಿಟ್ಟು, ಮೊದಲು ಪಕ್ಕೆ ಕಾಣುವಂತೆ ನಿಲ್ಲಿಸಿ, ಅಲ್ಲಿಂದ ದಿನಕ್ಕೆ ಹತ್ತು ಡಿಗ್ರಿಯಷ್ಟು ಮಾತ್ರ ಮೂಗನ್ನು ನನ್ನ ಕಡೆಗೆ ತಂದೆ. ಗಾಬರಿಯಾದ ಕೂಡಲೇ ಪಕ್ಕೆಯ ಸ್ಥಿತಿಗೆ ಮರಳುತ್ತಿದ್ದೆ. ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನಲ್ಲಿ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿ ಅರ್ಧ ಗಂಟೆ ಇದೇ ಅಭ್ಯಾಸ ನಡೆಯುತ್ತಿತ್ತು. ಅಲ್ಲಿ ನೂರು ಸಲ ಬೀಳಿಸಿದರೂ ಬಿಡಿಭಾಗದ ಖರ್ಚಿಲ್ಲ, ಆದ್ದರಿಂದ ಸಿಮ್ಯುಲೇಟರ್ ಇಲ್ಲದೆ ಕಲಿಯಲು ಹೊರಡುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಐದನೆಯ ತಿಂಗಳಿನ ಒಂದು ಬೆಳಿಗ್ಗೆ ಮೂಗು ನನ್ನತ್ತ ಇದ್ದಂತೆಯೇ ಐದು ನಿಮಿಷದ ಟೈಮರ್ ಕೂಗಿತು. ಅಷ್ಟು ಹೊತ್ತೂ ಯಾವ ಕಡೆಗೆ ಒತ್ತಬೇಕೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲವೆಂಬುದು ಹೆಲಿಕಾಪ್ಟರನ್ನು ಇಳಿಸಿ, ಬ್ಲೇಡುಗಳು ನಿಲ್ಲುವುದನ್ನು ಕಾಯುತ್ತಿದ್ದಾಗ ನನ್ನ ಅರಿವಿಗೆ ಬಂತು.