ಕಂಪಾಲಾದಲ್ಲಿ ‘ಎರಡು ಗಂಟೆ’ ಎಂದರೆ ಎಂಟು ಗಂಟೆ

ಉಗಾಂಡಾದ ರಾಜಧಾನಿ ಕಂಪಾಲಾದ ಲ್ಯಾಬ್‌ನಲ್ಲಿ ಆ ಬೆಳಿಗ್ಗೆ ನನ್ನ ಮುಂದೆ ಹದಿನಾಲ್ಕು ರೋಗಿಗಳ ಫಲಿತಾಂಶ ಇತ್ತು. ಎಲ್ಲರೂ ಎಚ್‌ಐವಿಗೆ ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರು, ದಿನಕ್ಕೆ ಒಂದು 50 ಮಿಲಿಗ್ರಾಂ ಮಾತ್ರೆ. ಮಾತ್ರೆ ನುಂಗಿ ಎಷ್ಟು ಗಂಟೆಯಾಯಿತು, ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆ ಎಂದು ಗ್ರಾಫ್ ಹಾಕಿದ್ದೆವು. ಒಂಬತ್ತು ಚುಕ್ಕಿಗಳು, ಇರಬೇಕಾದ ಮಟ್ಟ ತೋರಿಸುವ ಗೆರೆಯ ಆಚೀಚೆ ಇದ್ದವು. ಐದು ಮಾತ್ರ ಗೆರೆಯ ಕೆಳಗೆ ಗುಂಪಾಗಿ ಕೂತಿದ್ದವು.

ನನ್ನ ವಿದ್ಯಾರ್ಥಿನಿಗೆ “ಮತ್ತೆ ರನ್ ಮಾಡಿ” ಎಂದೆ. ಅವರು ಮಾಡಿದರು. ಅದೇ ಫಲಿತಾಂಶ. ಮರುದಿನ ಹೊಸ ಸ್ಟ್ಯಾಂಡರ್ಡ್ (ಹೋಲಿಸಿ ನೋಡಲು ಗೊತ್ತಿರುವ ಪ್ರಮಾಣದ ಔಷಧಿ ಹಾಕಿದ ಮಾದರಿ) ತಯಾರಿಸಿ ಇನ್ನೊಮ್ಮೆ ಮಾಡಿಸಿದೆ. ಏನೂ ಬದಲಾಗಲಿಲ್ಲ. ಅವರು ಏನೂ ಹೇಳದೆ, ರೋಗಿಗಳು ಮಾತ್ರೆ ನುಂಗಿದ ಹೊತ್ತು ಬರೆದ ಡೈರಿ ಚೀಟಿಗಳನ್ನು ತೆಗೆದುಕೊಂಡು ಕೆಳಗಿನ ಕ್ಲಿನಿಕ್‌ಗೆ ಹೋದರು. ಸಂಶೋಧನೆಗೆ ಬರುವ ಮೊದಲು ಒಂಬತ್ತು ವರ್ಷ ಎಚ್‌ಐವಿ ಕ್ಲಿನಿಕ್‌ನಲ್ಲಿ ನರ್ಸ್ ಆಗಿದ್ದವರು ಅವರು. ಒಂದು ಗಂಟೆ ಬಿಟ್ಟು ವಾಪಸ್ ಬಂದರು.

“ಡಾಕ್ಟರ್, ಈ ಐದೂ ಜನ ಲುಗಾಂಡಾ ಲೆಕ್ಕದಲ್ಲಿ ಗಂಟೆ ಬರೆದಿದ್ದಾರೆ.”

ನನಗೆ ಅರ್ಥವಾಗಲಿಲ್ಲ. ಅವರು ಕೂರಿಸಿ ವಿವರಿಸಿದರು. ಅಲ್ಲಿನ ಭಾಷೆ ಲುಗಾಂಡಾದಲ್ಲೂ ಸ್ವಾಹಿಲಿಯಲ್ಲೂ ದಿನದ ಗಂಟೆಯ ಎಣಿಕೆ ಸೂರ್ಯ ಹುಟ್ಟಿದ ಮೇಲೆ ಶುರುವಾಗುತ್ತದೆ. ಬೆಳಿಗ್ಗೆ ಏಳು ಎಂದರೆ ಮೊದಲನೇ ಗಂಟೆ. ಎಂಟು ಎಂದರೆ ‘ಸಾವಾ ಬಿರಿ’, ಅಂದರೆ ಎರಡನೇ ಗಂಟೆ. ರಾತ್ರಿಯದ್ದೂ ಹಾಗೇ. ಕಂಪಾಲಾ ಸಮಭಾಜಕ ರೇಖೆಗೆ ಹತ್ತಿರ, ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುತ್ತಾನೆ. ಅಲ್ಲಿಗೆ ಈ ಲೆಕ್ಕ ತುಂಬ ಸರಿ. ನಮ್ಮ ಹಿರಿಯರ ಜಾವ, ಗಳಿಗೆ ಇದ್ದ ಹಾಗೆ.

ರೋಗಿ ಮಾತ್ರೆ ನುಂಗಿದ್ದು ರಾತ್ರಿ ಎಂಟಕ್ಕೆ. ಚೀಟಿಯಲ್ಲಿ ಬರೆದದ್ದು ‘2, ರಾತ್ರಿ’. ಕಂಪ್ಯೂಟರ್‌ಗೆ ಹೋದದ್ದು ನಸುಕಿನ 2. ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದಾಗ ನಮ್ಮ ಪ್ರಕಾರ ಆರು ಗಂಟೆ ಕಳೆದಿತ್ತು. ನಿಜವಾಗಿ ಕಳೆದದ್ದು ಹನ್ನೆರಡು ಗಂಟೆ. ಡೊಲುಟೆಗ್ರಾವಿರ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 14 ಗಂಟೆ ಬೇಕು. ಆರು ಗಂಟೆಯ ತಪ್ಪಿಗೆ ಮಟ್ಟ ಕಾಲು ಭಾಗ ಕಡಿಮೆ ಕಾಣುತ್ತದೆ. ಆ ಚೀಟಿಯ ನಮೂನೆ ಮಾಡಿದ್ದು ನಾನು. ಅದರಲ್ಲಿ ‘ಸಮಯ’ ಎಂಬ ಒಂದೇ ಒಂದು ಖಾಲಿ ಜಾಗ ಇತ್ತು.

ಈ ಕೆಲಸಕ್ಕೆ ನಾನು ಬಂದದ್ದು ಬೆಂಗಳೂರಿನಿಂದ. ಅಲ್ಲಿ ಹನ್ನೊಂದು ವರ್ಷ ಬಯೋಈಕ್ವಿವಲೆನ್ಸ್ ಲ್ಯಾಬ್‌ನಲ್ಲಿದ್ದೆ. ಜೆನೆರಿಕ್ ಮಾತ್ರೆಯೂ ಮೂಲ ಕಂಪನಿಯ ಮಾತ್ರೆಯೂ ರಕ್ತದಲ್ಲಿ ಒಂದೇ ಮಟ್ಟಕ್ಕೆ ಏರುತ್ತವೆಯೇ ಎಂದು ಅಳೆಯುವುದು ನಮ್ಮ ಕೆಲಸ. ಅಲ್ಲಿ ಎಲ್ಲವೂ ನಿಮಿಷದ ಲೆಕ್ಕ. ಆರೋಗ್ಯವಂತ ಸ್ವಯಂಸೇವಕರು, ಎಲ್ಲರಿಗೂ ಒಂದೇ ತಿಂಡಿ, ಗಡಿಯಾರ ನೋಡಿಕೊಂಡು ರಕ್ತ ತೆಗೆಯುವ ನರ್ಸ್. 2001ರಲ್ಲಿ ಮುಂಬೈನ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುತ್ತೇನೆ ಎಂದ ಮೇಲೆ ಆಫ್ರಿಕಾಕ್ಕೆ ಭಾರತದ ಎಚ್‌ಐವಿ ಮಾತ್ರೆಗಳು ರಾಶಿರಾಶಿಯಾಗಿ ಹೋದವು. ಕಂಪಾಲಾದ ಕ್ಲಿನಿಕ್‌ನಲ್ಲಿ ಒಬ್ಬ ತಾಯಿ ಕೈಚೀಲದಿಂದ ಡಬ್ಬಿ ತೆಗೆದು ತೋರಿಸಿದಾಗ ಮೇಲೆ ‘ಮೇಡ್ ಇನ್ ಇಂಡಿಯಾ’ ಎಂದಿತ್ತು. ಅಂಥ ಮಾತ್ರೆಯನ್ನು ನಾನು ಸಾವಿರಾರು ಸಲ ಅಳೆದಿದ್ದೆ. ಅದನ್ನು ನುಂಗುವವರನ್ನು ನೋಡಿದ್ದು ಅದೇ ಮೊದಲು.

ನನಗೆ ಕೊಟ್ಟ ಕೆಲಸ ಹೀಗಿತ್ತು: ನಾಲ್ಕು ಜನ ಯುವ ವಿಜ್ಞಾನಿಗಳಿಗೆ ರಕ್ತದಲ್ಲಿ ಔಷಧಿ ಅಳೆಯುವುದನ್ನು ಕಲಿಸಬೇಕು. ಒಬ್ಬರು ವೈದ್ಯರು, ಇಬ್ಬರು ಫಾರ್ಮಸಿ ಓದಿದವರು, ಇನ್ನೊಬ್ಬರು ಆ ನರ್ಸ್.

ಮೊದಲ ಮೂರು ವಾರ ಯಾರನ್ನೂ ಔಷಧಿ ಅಳೆಯುವ ಮಷೀನ್ ಮಾಸ್ ಸ್ಪೆಕ್ಟ್ರೋಮೀಟರ್ ಹತ್ತಿರ ಬಿಡಲಿಲ್ಲ. ಹನಿ ಅಳೆದು ಹಾಕುವ ಪಿಪೆಟ್ ಕೊಟ್ಟೆ, ನೀರು ಕೊಟ್ಟೆ, ತಕ್ಕಡಿ ಕೊಟ್ಟೆ. 100 ಮೈಕ್ರೋಲೀಟರ್ ನೀರು ತೂಗಿದರೆ 100 ಮಿಲಿಗ್ರಾಂ ಬರಬೇಕು. ಇಪ್ಪತ್ತು ಸಲ ತೂಗಿ, ಇಪ್ಪತ್ತನ್ನೂ ಬರೆಯಿರಿ, ಒಂದನ್ನೂ ಹೊಡೆದುಹಾಕಬೇಡಿ ಎಂದೆ. ಕೈಯ ಅಳತೆಯೇ ಅಲ್ಲಾಡುತ್ತಿದ್ದರೆ ಕೋಟಿ ರೂಪಾಯಿಯ ಮಷೀನ್ ಏನು ಮಾಡೀತು? ಎರಡನೇ ವಾರಕ್ಕೆ ಬೇಸರ ಬಂತು, ಮೂರನೇ ವಾರಕ್ಕೆ ಅವರೇ ಒಬ್ಬರ ಪಿಪೆಟ್ ಇನ್ನೊಬ್ಬರು ಪರೀಕ್ಷೆ ಮಾಡತೊಡಗಿದರು.

ಆಮೇಲೆ ಪ್ರತಿಯೊಬ್ಬರೂ ಒಂದು ಟ್ಯೂಬ್ ಹಿಂದೆ ಹೋಗಬೇಕು. ರೋಗಿಯ ತೋಳಿನಿಂದ ಹೊರಟ ನೇರಳೆ ಮುಚ್ಚಳದ ಟ್ಯೂಬ್ ಸೆಂಟ್ರಿಫ್ಯೂಜ್‌ಗೆ ಹೋಗಿ, ಪ್ಲಾಸ್ಮಾ ಬೇರೆಯಾಗಿ, ಲೇಬಲ್ ಅಂಟಿ, ಮೈನಸ್ 80 ಡಿಗ್ರಿಯ ಫ್ರೀಜರ್ ಸೇರುವವರೆಗೆ ಅದರ ಜೊತೆಗೇ ಇರಬೇಕು. ವೈದ್ಯರಿಗೆ ಇದು ಹಿಡಿಸಲಿಲ್ಲ. ಇದು ಟೆಕ್ನೀಷಿಯನ್ ಕೆಲಸ ಅಲ್ವಾ ಎಂದು ನೇರವಾಗಿ ಕೇಳಿದರು. ಒಂದು ದಿನ ಮಾಡಿ ನೋಡಿ ಎಂದೆ. ಅವತ್ತು ಮಧ್ಯದಲ್ಲಿ ಕ್ಲಿನಿಕ್‌ನ ನರ್ಸ್‌ಗೆ ಬೇರೆ ಕರೆ ಬಂತು. ಟ್ಯೂಬ್ ಕಿಟಕಿಯ ಪಕ್ಕ ಬಿಸಿಲಲ್ಲಿ ನಲವತ್ತು ನಿಮಿಷ ನಿಂತಿತು. ಫಾರ್ಮ್‌ನಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ. ಆ ಜಾಗವನ್ನು ಮುಂದಿನ ವಾರ ಸೇರಿಸಿದ್ದು ಅದೇ ವೈದ್ಯರು.

ವಿಧಾನ ಸರಿಯಿದೆ ಎಂದು ತೋರಿಸುವ ವ್ಯಾಲಿಡೇಶನ್‌ಗೆ ಐದು ತಿಂಗಳು ಹಿಡಿಯಿತು. ನಿಯಮ ಸರಳ. ನಿಮಗೆ ಗೊತ್ತಿರುವ ಪ್ರಮಾಣದ ಔಷಧಿ ಹಾಕಿದ ಮಾದರಿಯನ್ನು ಅಳೆದಾಗ ಉತ್ತರ ಶೇ. 15ರ ಒಳಗೆ ಬರಬೇಕು. ಅಳೆಯಬಹುದಾದ ಅತಿ ಕಡಿಮೆ ಮಟ್ಟದಲ್ಲಿ ಶೇ. 20ರವರೆಗೆ ಬಿಡಬಹುದು. ಆಮೇಲೆ ರೋಗಿಗಳ ಮಾದರಿ ಓಡಿಸುವಾಗಲೂ ನಡುನಡುವೆ ಇಂಥ ಗೊತ್ತಿರುವ ಮಾದರಿಗಳು, ಅಂದರೆ ಕಂಟ್ರೋಲ್‌ಗಳು ಇರುತ್ತವೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಪಾಸ್ ಆಗದಿದ್ದರೆ ಇಡೀ ರನ್ ಬಿಡಬೇಕು. ಕಷ್ಟವಾದದ್ದು ಫೇಲ್ ಆದದ್ದನ್ನು ಫೇಲ್ ಎಂದು ಬರೆಯುವುದು. ಎರಡು ದಿನ ಕೂತು ತಯಾರಿಸಿದ ಮಾದರಿ, ಹೊರಗಿನಿಂದ ತರಿಸಿದ ದುಬಾರಿ ದ್ರಾವಕ ಅಸಿಟೋನೈಟ್ರೈಲ್, ಮೇಲಿಂದ ‘ಫಲಿತಾಂಶ ಯಾವಾಗ’ ಎಂಬ ಫೋನ್. ಆಗ ಒಂದು ಕಂಟ್ರೋಲ್ ಅನ್ನು ಸುಮ್ನೆ ಬದಿಗೆ ಸರಿಸೋಣ ಅನಿಸುತ್ತದೆ. ಅದಕ್ಕೇ ಪ್ರತಿ ಶುಕ್ರವಾರದ ಸಭೆಯಲ್ಲಿ ಫೇಲ್ ಆದ ರನ್‌ಗಳನ್ನು ಮಾತ್ರ ತೋರಿಸಬೇಕು ಎಂದು ಮಾಡಿದೆ. ಮೊದಲು ನನ್ನದನ್ನೇ ತೋರಿಸಿದೆ. ನಾನು ಕಲಿಸಿದ್ದರಲ್ಲಿ ಅತಿ ಉಪಯೋಗದ್ದು ಇದೇ ಎಂದು ನನ್ನ ನಂಬಿಕೆ.

ಸಂಜೆ ಪ್ರಬಂಧಗಳನ್ನು ಓದುತ್ತಿದ್ದೆವು. ಎಫಾವಿರೆಂಜ್ ಎಂಬ ಎಚ್‌ಐವಿ ಔಷಧಿಯ ಕಥೆಯಿಂದ ಶುರು ಮಾಡಿದೆ. ವರ್ಷಗಟ್ಟಲೆ ಪ್ರಪಂಚದ ಎಲ್ಲ ದೊಡ್ಡವರಿಗೂ ಅದರ ಡೋಸ್ ಒಂದೇ, 600 ಮಿಲಿಗ್ರಾಂ. ಅದನ್ನು ದೇಹದಿಂದ ಹೊರಹಾಕುವುದು ಮುಖ್ಯವಾಗಿ ಸಿವೈಪಿ2ಬಿ6 ಎಂಬ ಎನ್‌ಜೈಮ್. ಈ ಎನ್‌ಜೈಮ್‌ನ ನಿಧಾನದ ರೂಪ ಆಫ್ರಿಕಾದಲ್ಲಿ ಜಾಸ್ತಿ. ಜಿಂಬಾಬ್ವೆಯ ಸಂಶೋಧಕರು ತಮ್ಮ ರೋಗಿಗಳಲ್ಲಿ ನೋಡಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ತಂದೆ ತಾಯಿ ಇಬ್ಬರಿಂದಲೂ ಈ ನಿಧಾನದ ಜೀನ್ ಬಂದಿತ್ತು. ಅಂಥವರ ರಕ್ತದಲ್ಲಿ ಔಷಧಿ ಬೇಕಾದ್ದಕ್ಕಿಂತ ತುಂಬ ಮೇಲೆ ಹೋಗುತ್ತದೆ. ತಲೆ ಸುತ್ತು, ಕೆಟ್ಟ ಕನಸು, ನಿದ್ದೆಯಿಲ್ಲ. ಅದನ್ನು ಓದಿ ಮುಗಿಸಿದಾಗ ನರ್ಸ್ ಆಗಿದ್ದ ವಿದ್ಯಾರ್ಥಿನಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ರಾತ್ರಿ ಮಾತ್ರೆ ನುಂಗಿದರೆ ಸತ್ತವರು ಕಾಣುತ್ತಾರೆ ಎಂದು ಹೇಳುತ್ತಿದ್ದರು. ನಾನು ಧೈರ್ಯ ಹೇಳಿ ಕಳಿಸುತ್ತಿದ್ದೆ” ಎಂದರು.

ಇನ್ನೊಂದು ಕಂಪಾಲಾದಲ್ಲೇ, ಮಕೆರೆರೆ ವಿಶ್ವವಿದ್ಯಾಲಯದ ಸಾಂಕ್ರಾಮಿಕ ರೋಗಗಳ ಸಂಸ್ಥೆಯಲ್ಲಿ ನಡೆದ ಅಧ್ಯಯನ. ತೋಳಿನ ಚರ್ಮದಡಿ ಗರ್ಭನಿರೋಧಕ ಇಂಪ್ಲಾಂಟ್ ಹಾಕಿಸಿಕೊಂಡು ಎಫಾವಿರೆಂಜ್ ನುಂಗುತ್ತಿದ್ದ 20 ಹೆಂಗಸರಲ್ಲಿ ಹಾರ್ಮೋನ್ ಮಟ್ಟ ಸುಮಾರು ಅರ್ಧಕ್ಕೆ ಇಳಿದಿತ್ತು. 48 ವಾರದೊಳಗೆ ಮೂವರು ಬಸುರಿಯಾದರು. ಇಂಪ್ಲಾಂಟ್ ಇರುವ ಹೆಂಗಸರೂ ಎಚ್‌ಐವಿ ಮಾತ್ರೆ ನುಂಗುವ ಹೆಂಗಸರೂ ಒಂದೇ ಬಾಗಿಲಿನಿಂದ ಒಳಗೆ ಬರುವ ಊರಿನಲ್ಲಿ ಕೂತವರಿಗೇ ಇಂಥ ಪ್ರಶ್ನೆ ಬೇಗ ಕಾಣುವುದು.

ಕರೆಂಟ್ ವಿಷಯ ಬರೆಯದಿದ್ದರೆ ಈ ಬರಹ ಸುಳ್ಳಾಗುತ್ತದೆ. ನಾವು ಮಾದರಿ ಇಡುತ್ತಿದ್ದ ಒಂದು ಕಡೆ, ಉದ್ದ ರಜೆಯ ವಾರಾಂತ್ಯದಲ್ಲಿ ಫ್ರೀಜರ್ ನಿಂತುಹೋಯಿತು. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ಅಲಾರಂ ಇತ್ತು, ಅದು ಕರೆ ಮಾಡಿದ ನಂಬರ್ ಕೆಲಸ ಬಿಟ್ಟುಹೋದವರದ್ದು. ಮಂಗಳವಾರ ಬಾಗಿಲು ತೆಗೆದಾಗ ಟ್ಯೂಬ್‌ಗಳು ಬೆಚ್ಚಗಿದ್ದವು. ಅಷ್ಟನ್ನೂ ಕೊಟ್ಟವರು ನಸುಕಿನಲ್ಲಿ ಎದ್ದು, ಬೋಡಾ ಬೋಡಾ ಎಂಬ ಬಾಡಿಗೆ ಬೈಕ್ ಹತ್ತಿ, ಖಾಲಿ ಹೊಟ್ಟೆಯಲ್ಲಿ ಬಂದು ತೋಳು ಚಾಚಿದವರು. ಅವರಿಗೆ ಏನು ಹೇಳುವುದು? ನಾವು ಪ್ರತಿಯೊಬ್ಬರಿಗೂ ಹೇಳಿದೆವು. ಬೈದವರು ಇಬ್ಬರು. ಉಳಿದವರು ಮತ್ತೆ ಕೊಡಬೇಕಾ ಎಂದು ಕೇಳಿದರು.

ಅಲ್ಲಿಂದ ಮುಂದೆ ಪ್ರತಿ ಮಾದರಿಯನ್ನು ಎರಡು ಪಾಲು ಮಾಡಿ ಎರಡು ಕಟ್ಟಡಗಳಲ್ಲಿ ಇಟ್ಟೆವು. ಅಲಾರಂಗೆ ಮೂರು ನಂಬರ್. ಪ್ರತಿ ತಿಂಗಳ ಮೊದಲ ದಿನ ಬೇಕೆಂದೇ ಅಲಾರಂ ಹೊಡೆಸಿ ಯಾರು ಎತ್ತುತ್ತಾರೆ ನೋಡುವುದು. ಡೀಸೆಲ್ ಅಳತೆಯನ್ನು ವಿದ್ಯಾರ್ಥಿಗಳೇ ಬರೆಯುವುದು. ಹೊಸದಾಗಿ ಇಂಥ ಲ್ಯಾಬ್ ಕಟ್ಟುವವರು ನನ್ನನ್ನು ಕೇಳಿದರೆ, ಮಷೀನ್‌ಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲು ಮೊದಲೇ ಇದಕ್ಕೆ ತೆಗೆದಿಡಿ ಎನ್ನುತ್ತೇನೆ.

ಇಷ್ಟು ಕಷ್ಟ ಯಾಕೆ, ಮಾದರಿಗಳನ್ನು ಡ್ರೈ ಐಸ್‌ನಲ್ಲಿಟ್ಟು ಯುರೋಪಿಗೋ ಅಮೆರಿಕಕ್ಕೋ ಕಳಿಸಿದರೆ ಆಗದೇ ಎಂದು ಹಲವರು ಕೇಳಿದ್ದಾರೆ. ಆಗುತ್ತದೆ. ತುಂಬ ವರ್ಷ ಹಾಗೇ ನಡೆದಿದೆ. ಆದರೆ ಆಗ ವಿದ್ಯಾರ್ಥಿಯ ಕೈಗೆ ಬರುವುದು ಒಂದು ಎಕ್ಸೆಲ್ ಫೈಲ್. ಕೆಳಗೆ ಕೂತ ಆ ಐದು ಚುಕ್ಕಿಗಳು ಸಾವಿರಾರು ಮೈಲಿ ದೂರದ ಲ್ಯಾಬ್‌ನಲ್ಲಿ ಬಂದಿದ್ದರೆ ‘ಮಾತ್ರೆ ಸರಿಯಾಗಿ ನುಂಗದವರು’ ಎಂದು ಬರೆದು ಮುಗಿಸುತ್ತಿದ್ದರೇನೋ. ಇಲ್ಲಿ ಎರಡು ಮೆಟ್ಟಿಲು ಇಳಿದರೆ ಕ್ಲಿನಿಕ್. ಹರಾರೆಯ ಜಿಂಬಾಬ್ವೆ ವಿಶ್ವವಿದ್ಯಾಲಯ ಅಮೆರಿಕದ ಬಫಲೊ ವಿಶ್ವವಿದ್ಯಾಲಯದ ಜೊತೆ ಸೇರಿ ತನ್ನ ನೆಲದಲ್ಲೇ ಔಷಧಿ ಅಳೆಯುವ ಲ್ಯಾಬ್ ಕಟ್ಟಿಕೊಂಡದ್ದನ್ನೂ, ಕೇಪ್‌ಟೌನ್ ವಿಶ್ವವಿದ್ಯಾಲಯದ ಕ್ಲಿನಿಕಲ್ ಫಾರ್ಮಕಾಲಜಿ ವಿಭಾಗದ ಕೆಲಸವನ್ನೂ ನಮ್ಮವರಿಗೆ ಪದೇಪದೇ ತೋರಿಸುತ್ತಿದ್ದೆ. ಕಲಿತವರನ್ನು ಉಳಿಸಿಕೊಳ್ಳುವುದು ಬೇರೆ ಮಾತು. ನಮ್ಮ ನಾಲ್ವರಲ್ಲಿ ಒಬ್ಬರು ಜಾಸ್ತಿ ಸಂಬಳಕ್ಕೆ ಹೋದರು. ಮೂರು ವರ್ಷದ ಫೆಲೋಶಿಪ್ ಮುಗಿದ ಮೇಲೆ ಕೆಲಸದ ಭರವಸೆ ಇಲ್ಲದಿದ್ದರೆ ಇನ್ನೇನು ಮಾಡುತ್ತಾರೆ? ಅವರ ಮೇಲೆ ನನಗೆ ಸಿಟ್ಟಿಲ್ಲ.

ಡೈರಿ ಚೀಟಿಯನ್ನು ವಿದ್ಯಾರ್ಥಿನಿ ಹೊಸದಾಗಿ ಬರೆದರು. ಈಗ ಅದರಲ್ಲಿ ಸೂರ್ಯನ ಚಿತ್ರ, ಚಂದ್ರನ ಚಿತ್ರ, ಪಕ್ಕದಲ್ಲಿ ‘ಲುಗಾಂಡಾ ಗಂಟೆಯೋ, ಇಂಗ್ಲಿಷ್ ಗಂಟೆಯೋ’ ಎಂಬ ಎರಡು ಚೌಕ ಇವೆ.

ಅವರ ಈಗಿನ ಪ್ರಶ್ನೆ ‘ಮುಂಬ್ವಾ’ ಬಗ್ಗೆ. ಜೇಡಿಮಣ್ಣಿಗೆ ಸೊಪ್ಪು ಬೇರು ಸೇರಿಸಿ ಕೋಲಿನ ಹಾಗೆ ಮಾಡಿ ಒಣಗಿಸಿದ್ದು. ಅಲ್ಲಿ ಬಸುರಿಯರು ಅದನ್ನು ನೀರಲ್ಲಿ ತೇಯ್ದು ಕುಡಿಯುತ್ತಾರೆ. ನಮ್ಮಲ್ಲೂ ಬಸುರಿಯರಿಗೆ ಮಣ್ಣಿನ ಬಯಕೆ ಇರುತ್ತದಲ್ಲ, ನಾನು ಕೇಳಿದ ತಕ್ಷಣ ನನಗೆ ನೆನಪಾದದ್ದು ಅದೇ. ಡೊಲುಟೆಗ್ರಾವಿರ್ ಕಬ್ಬಿಣ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಜೊತೆ ಕಚ್ಚಿಕೊಂಡು ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ ಎಂಬುದು ಗೊತ್ತಿರುವ ವಿಷಯ. ಹಾಗಾದರೆ ಈ ಮಣ್ಣಿನ ಜೊತೆ? ಈ ಪ್ರಶ್ನೆ ನನಗೆ ಹತ್ತು ವರ್ಷ ಕೂತರೂ ಹೊಳೆಯುತ್ತಿರಲಿಲ್ಲ.

ಕಳೆದ ತಿಂಗಳು ಫೋನ್ ಮಾಡಿದ್ದರು. ಒವಿನೊ ಮಾರ್ಕೆಟ್‌ನಲ್ಲಿ ಆರು ಬೇರೆಬೇರೆ ಅಂಗಡಿಗಳಿಂದ ಮುಂಬ್ವಾ ಕೊಂಡು ತಂದು ಪುಡಿ ಮಾಡಿಟ್ಟಿದ್ದಾರಂತೆ. ಔಷಧಿ ಮಣ್ಣಿಗೆ ಅಂಟುವುದರ ಜೊತೆಗೆ ಪ್ಲಾಸ್ಟಿಕ್ ಟ್ಯೂಬ್‌ಗೂ ಅಂಟೀತಲ್ಲ, ಅದಕ್ಕೆ ಬೇರೆ ಕಂಟ್ರೋಲ್ ಇಟ್ಟಿದ್ದೀರಾ ಎಂದು ಕೇಳಿದೆ.

“ಮೊನ್ನೆಯೇ ಇಟ್ಟೆ ಡಾಕ್ಟರ್. ಫೇಲ್ ಆಯಿತು. ಶುಕ್ರವಾರ ತೋರಿಸುತ್ತಿದ್ದೇನೆ” ಎಂದರು.