ಹೊಸ ಕ್ಲಚ್ ಲಿವರ್ ಹಾಕೂ ಮೊದ್ಲ ಆ ತೂತು ತಿಕ್ರಿ

ಅಂಗಡ್ಯಾಗ ಬಣ್ಣ ನೋಡಿ ಬೈಕಿನ ಕ್ಲಚ್ ಲಿವರ್ ತರ್ತೀರಿ, ರಸ್ತಿ ಬದಿಗೆ ನಿಂತು ಗಡಿಬಿಡಿಲೆ ಬಿಗೀತೀರಿ, ತಿಂಗಳು ತುಂಬೂದ್ರೊಳಗ ಕ್ಲಚ್ ವೈರು ಪಟ್ ಅಂತ ಹರದ್ರ ವೈರು ಮಾರಿದವನಿಗೆ ಬೈತೀರಿ. ವೈರು ಏನ್ ಮಾಡ್ಬೇಕು ತಮ್ಮಾ? ಹೊಸ ಲಿವರಿನ ತೂತಿನ್ಯಾಗ ವೈರಿನ ತುದೀ ಗುಂಡು ತಿರಗಲಿಲ್ಲ, ಅದಕ್ಕ ಹರೀತು. ಕೊಪ್ಪಳದ ಓಣಿಯೊಳಗ ಹುಡುಗ್ರು ಇದನ್ನ ಮಾಡೂದು ನೋಡಿ ನೋಡಿ ಸಾಕಾಗೇತಿ, ಅದಕ್ಕ ಬರಿಯಾಕತ್ತೀನಿ.

ಲಿವರ್ ತರಾಕ ಬರೀಗೈಲೆ ಹೋಗಬ್ಯಾಡ್ರಿ. ಹಳೇದು ಬಿಚ್ಚಿ ಕೈಯಾಗ ಹಿಡಕೊಂಡು ಹೋಗ್ರಿ, ಮುರದಿದ್ರ ಬುಡದ ತುಂಡರ ಒಯ್ರಿ. ಒಂದರ ಮ್ಯಾಲೊಂದು ಇಟ್ಟು, ಬೋಲ್ಟಿನ ತೂತಿನಿಂದ ಗುಂಡಿನ ತೂತಿನ ತನಕ ಅಂತರ ನೋಡ್ರಿ. ಆ ಅಂತರ ಹಳೇದಕ್ಕಿಂತ ಕಡಿಮಿ ಇದ್ರ ಹಿಡಿಯಾಕ ಹಗುರ ಅನಸ್ತೈತಿ, ಆದ್ರ ವೈರು ಸಾಕಷ್ಟು ಜಗ್ಗಂಗಿಲ್ಲ, ಕ್ಲಚ್ ಪೂರ್ತಿ ಬಿಡಂಗಿಲ್ಲ, ಸಿಗ್ನಲ್ ಮುಂದ ನಿಂತಾಗ ನ್ಯೂಟ್ರಲ್ ಸಿಗಂಗಿಲ್ಲ. ಹೆಚ್ಚಿದ್ರ ಕೈಗೆ ಬಿರುಸು. ಕ್ಲಚ್ ಸ್ವಿಚ್ಚು ಇರೂ ಗಾಡ್ಯಾಗ ಲಿವರಿನ ಬುಡಕ್ಕ ಸ್ವಿಚ್ಚು ಒತ್ತೂ ಸಣ್ಣ ಮೂಲಿ ಇರ್ತೈತಿ. ಅದು ತುಸು ಗಿಡ್ಡಾದ್ರ ಗೇರಿನ್ಯಾಗ ಸೆಲ್ಫ್ ಬರಂಗಿಲ್ಲ. ಇದು ತಿಳೀದ ಬ್ಯಾಟರಿ ಬದಲ ಮಾಡಿದವರು ಎಷ್ಟು ಮಂದಿ ಅದಾರ! ಎರಡು ಬೆರಳಿನ ಗಿಡ್ಡ ಲಿವರ್ ನೋಡಾಕ ಚಂದ, ಆದ್ರ ಹಿಡಿಕಿ ಗಿಡ್ಡಾದಷ್ಟೂ ಬಲ ಹೆಚ್ಚು ಬೇಕು. ಗಂಗಾವತಿ ಕಡೆ ಭತ್ತದ ಚೀಲ ಹೇರಕೊಂಡು ಓಡಾಡೂ ಗಾಡಿಗೆ ಅದು ಬ್ಯಾಡೇ ಬ್ಯಾಡ.

ಬಿಚ್ಚೂದು ನಿಮಗ ಗೊತ್ತಿದ್ದದ್ದ. ಎಂಜಿನ್ ತಣ್ಣಗಿರಲಿ, ಗಾಡಿ ನಡುಸ್ಟ್ಯಾಂಡಿನ ಮ್ಯಾಲಿರಲಿ. ರಬ್ಬರ್ ಸರಿಸಿ, ಚೆಕ್‌ನಟ್ಟು ಸಡಿಲಿಸಿ, ಅಡ್ಜಸ್ಟರ್ (ವೈರಿನ ಬಿಗಿ ಹೊಂದಸೂ ತಿರುಪು) ಪೂರ್ತಿ ಒಳಗ ತಿರುವ್ರಿ. ಅಡ್ಜಸ್ಟರ್, ಚೆಕ್‌ನಟ್ಟು, ಯೋಕು (ಹ್ಯಾಂಡಲ್ ಮ್ಯಾಲೆ ಲಿವರ್ ಕೂಡೂ ಹಿಡಿ), ಮೂರರ ಸೀಳೂ ಒಂದ ಗೆರಿಗೆ ಬಂದ್ರ ವೈರು ತಾನ ಹೊರಗ ಬರ್ತೈತಿ. ಬರಲಿಲ್ಲಂದ್ರ ಎಂಜಿನ್ ಕಡೆ ನಟ್ಟು ಸಡಿಲಿಸ್ರಿ, ಇಕ್ಕಳದಿಂದ ಜಗ್ಗಬ್ಯಾಡ್ರಿ. ಲಿವರ್ ಬಿಚ್ಚೂವಾಗ ತಳಗಿನ ನಟ್ಟು ಮೊದ್ಲ, ಮ್ಯಾಲಿನ ಬೋಲ್ಟು ಆಮ್ಯಾಲೆ. ಕೆಲವು ಲಿವರಿಗೆ ಬೋಲ್ಟಿನ ತೂತಿನ್ಯಾಗ ಸಣ್ಣ ಕೊಳವಿಯಂಥ ಬುಷ್ ಇರ್ತೈತಿ, ಅದು ಉರುಳಿ ಗಟಾರ ಸೇರೂದಕ್ಕ ಮೊದ್ಲ ಕೆಳಗೊಂದು ಹಳೇ ಅರಿವಿ ಹಾಸ್ರಿ.

ಈಗ ಆ ತೂತಿಗೆ ಬರ್ರಿ. ಇಲ್ಲಿ ಅವಸರ ಮಾಡಿದವರ ಗಾಡೀನ ಮುಂದ ದಾರ್ಯಾಗ ನಿಲ್ಲೂದು. ಕಂಪನಿದಲ್ಲದ ಹೊರಗಿನ ಲಿವರಿಗೆ ಬಣ್ಣ ಹೊಡಿಯೂವಾಗ ಅದು ತೂತಿನೊಳಗೂ ಇಳದಿರ್ತೈತಿ, ಅಂಚು ಚೂಪಗ ಉಳದಿರ್ತೈತಿ. ಲಿವರ್ ಹಿಡದಾಗೊಮ್ಮೆ, ಬಿಟ್ಟಾಗೊಮ್ಮೆ ಗುಂಡು ತನ್ನ ಜಾಗದಾಗ ತುಸು ಹೊಳ್ಳಬೇಕು. ಹೊಳ್ಳಲಿಲ್ಲಂದ್ರ ಗುಂಡಿನ ಬುಡಕ್ಕ ವೈರು ಬಾಗ್ತೈತಿ, ಅಲ್ಲೇ ಬಾಗಿ ಬಾಗಿ ಒಂದೊಂದ ಎಳಿ ಕಡೀತೈತಿ.

ಗುಂಡಿಗಿಂತ ಒಂಚೂರು ಸಣ್ಣಂದು ಬೇವಿನ ಕಡ್ಡಿ ತಗೋರಿ. 400 ನಂಬರಿನ ವಾಟರ್ ಪೇಪರ್ (ತಿಕ್ಕೂ ಕಾಗದ) ಎರಡು ಬೆರಳಗಲ ಹರದು ಕಡ್ಡಿಗೆ ಒಂದ ಸುತ್ತು ಸುತ್ರಿ, ತೂತಿನ್ಯಾಗ ಬರೀ ಬೆರಳಿಲೆ ಆ ಕಡೆ ಈ ಕಡೆ ಹೊಳ್ಳಾಡಸ್ರಿ. ಡ್ರಿಲ್ ಹಾಕೂ ಉಸಾಬರಿಗೆ ಹೋಗಬ್ಯಾಡ್ರಿ. ಬಣ್ಣ ಹೋಗಿ ಬೆಳ್ಳನ ಅಲ್ಯುಮಿನಿಯಂ ಕಂಡ ಕೂಡ್ಲೆ ಕೈ ತಡೀರಿ, ತೂತು ದೊಡ್ಡದಾದ್ರ ಗುಂಡು ಓರಿಯಾಗಿ ಕೂಡ್ತೈತಿ. ವೈರು ಹೊರಗ ಬರೂ ಸೀಳಿನ ಎರಡೂ ಅಂಚಿಗೆ ಪೇಪರ್ ಮಡಚಿ ನಾಕು ಸಲ ಎಳೀರಿ, ಉಗುರಿಗೆ ಚುಚ್ಚಬಾರದು. ಪೆಟ್ರೋಲ್ ಹಚ್ಚಿದ ಅರಿವಿಲೆ ಪುಡಿ ಒರಸಿ, ಬರೀ ಗುಂಡು ಇಟ್ಟು ನೋಡ್ರಿ. ಒತ್ತದ ತಾನ ಕೂಡಬೇಕು, ಉಗುರಿಲೆ ನೂಕಿದ್ರ ಹೊಳ್ಳಬೇಕು. ಆಮ್ಯಾಲೆ ಜ್ವಾಳದ ಕಾಳಿನಷ್ಟು ಗ್ರೀಸು, ಅದಕ್ಕಿಂತ ಹೆಚ್ಚು ಬ್ಯಾಡ. ಗುಂಡು ಕೂಡಿಸಿ ಹತ್ತು ಸಲ ಲಿವರ್ ಆಡಿಸಿ, ಹೊರಗ ಉಕ್ಕಿದ ಗ್ರೀಸು ಒಣ ಅರಿವಿಲೆ ಪೂರ್ತಿ ಒರಸ್ರಿ. ಗಿಣಿಗೇರಿ ಕಡೆ ಕಾರ್ಖಾನಿ ಕರೀ ಧೂಳು, ಸಂಡೂರು ದಾರ್ಯಾಗ ಅದಿರಿನ ಕೆಂಪು ಧೂಳು, ಶಕ್ತಿನಗರದ ಕಡೆ ಹಾರುಬೂದಿ: ಇವು ಹೊರಗಿನ ಗ್ರೀಸಿಗೆ ಮೆತ್ತಿದ್ರ ಸಾಣಿಕಲ್ಲಿನಂಗ ಲಿವರನ್ನೂ ಬೋಲ್ಟನ್ನೂ ತಿಂತಾವು.

ಗ್ರೀಸಿಲ್ಲಂತ ಅಡಗಿಮನಿ ಕುಸುಬಿ ಎಣ್ಣಿ ಬಿಡಬ್ಯಾಡ್ರಿ, ಅದು ಗಾಳಿಗೆ ಒಣಗಿ ಅಂಟಾಗೂ ಜಾತಿದು. ಹೊಲಿಗಿ ಮಷೀನಿಗೂ ಅದನ್ನ ಬಿಟ್ಟು ಗಾಲಿ ಬಿಗೀತಂತ ಕುಂಡ್ರೂ ಹೆಣ್ಣಮಕ್ಕಳು ಅದಾರ. ಮಷೀನಿಗೆ ಮಷೀನ್ ಎಣ್ಣಿನ ಬೇಕು ತಂಗೀ, ಎರಡ ಹನಿ. ಬಿಟ್ಟ ಮ್ಯಾಲೆ ಹಳೇ ಅರಿವಿ ಮ್ಯಾಲೆ ನಾಕು ಸಾಲು ಓಡಿಸಿ ಆಮ್ಯಾಲೆ ಹೊಸ ಕುಬಸಕ್ಕ ಕೈ ಹಚ್ಚು.

ಬೋಲ್ಟಿನ ತೂತಿಗೂ ಇದ ಪಾಠ. ವೈರು ಸಿಗಿಸದ ಬರೀ ಲಿವರನ್ನ ಯೋಕಿನ್ಯಾಗ ಕೂಡಿಸಿ ಆಡಸ್ರಿ. ಬಿಗಿ ಇದ್ರ ಲಿವರಿನ ಮ್ಯಾಲಿನ ಕೆಳಗಿನ ಮೈಗೆ ಹತ್ತಿದ ಬಣ್ಣ ಪೇಪರಿಲೆ ತಗೀರಿ, ಸುತ್ತಿಗಿ ಮುಟ್ಟಬ್ಯಾಡ್ರಿ. ಮ್ಯಾಲೆ ಕೆಳಗ ಲಟಲಟ ಅಂದ್ರ ತೆಳ್ಳನ ವಾಷರ್ ಒಂದು ಹಾಕ್ರಿ. ಬೋಲ್ಟು ಲಿವರನ್ನ ಹಿಸುಕಬಾರದು. ಮುಟ್ಟೂ ತನಕ ತಿರುವಿ, ಲಿವರ್ ಹಗುರ ಆಡೂ ಹಂಗ ಬಿಟ್ಟು, ಸ್ಕ್ರೂ ಡ್ರೈವರಿಲೆ ಬೋಲ್ಟು ಹಿಡದು ತಳಗಿನ ನಟ್ಟು ಬಿಗೀರಿ. ಬೋಲ್ಟು ಹೆಚ್ಚು ಬಿಗದ್ರ ಲಿವರ್ ಪೂರ್ತಿ ಹೊಳ್ಳಿ ಬರಂಗಿಲ್ಲ, ಕ್ಲಚ್ ಅರ್ಧ ಹಿಡದಂಗ ಉಳದು ಪ್ಲೇಟು ಸುಡ್ತಾವು.

ರಾಜದೂತ, ಮೈಸೂರಾಗ ಆಗ್ತಿದ್ದ ಯೆಜ್ಡಿ ಓಡೂ ಕಾಲಕ್ಕ ಮಂದಿ ಇನ್ನೊಂದು ಕ್ಲಚ್ ವೈರನ್ನ ಮೊದಲಿನದರ ಗುಂಟ ಕಟಗೊಂಡ ಹೋಗ್ತಿದ್ರು. ದಾರ್ಯಾಗ ಹರದ್ರ ತುದಿ ಬದಲಿಸಿ ಮುಂದ ನಡದ್ರು. ಈಗಿನವರಿಗೆ ಫೋನ್ ಹಚ್ಚೂದೊಂದ ಗೊತ್ತು.

ಆಟ, ಅಂದ್ರ ವೈರು ಬಿಗಿಯಾಗೂ ಮೊದ್ಲ ಲಿವರ್ ಸಡಿಲ ಆಡೂ ಅಂತರ, ಇಡೂದು ಹಿಂಗ. ಲಿವರ್ ಕಡೆ ಅಡ್ಜಸ್ಟರ್ ಎರಡು ಮೂರು ಸುತ್ತು ಅಷ್ಟ ಹೊರಗಿರಲಿ, ದೊಡ್ಡ ಹೊಂದಾಣಿಕಿ ಎಂಜಿನ್ ಕಡೆ ನಟ್ಟಿನ್ಯಾಗ ಮಾಡಿ, ಕೊನೀ ನಾಜೂಕು ಮ್ಯಾಲೆ ಮಾಡ್ರಿ. ಅಡ್ಜಸ್ಟರ್ ಹೊರಗ ತಿರುವಿದ್ರ ಆಟ ಕಡಿಮಿ, ಒಳಗ ತಿರುವಿದ್ರ ಹೆಚ್ಚು. ಸ್ಪ್ಲೆಂಡರ್‌ನಂಥ ಗಾಡಿಗೆ ಲಿವರಿನ ತುದ್ಯಾಗ 10ರಿಂದ 20 ಮಿಲಿಮೀಟರ್, ಅಂದ್ರ ಒಂದು ಬೆರಳಿನ ಅಗಲ ಸಡಿಲ ಇರಬೇಕು. ಕಡಿಮಿ ಇದ್ರ ಕ್ಲಚ್ ಜಾರ್ತೈತಿ, ಏರಿನ್ಯಾಗ ಎಂಜಿನ್ ಕೂಗತೈತಿ, ಗಾಡಿ ಮುಂದ ಹೋಗಂಗಿಲ್ಲ. ಹೆಚ್ಚಿದ್ರ ಗೇರು ಕಟಕಟ. ದಿನ ಹೋದಂಗ ವೈರು ಹಿಗ್ಗಿ ಆಟ ಹೆಚ್ಚತೈತಿ, ಪ್ಲೇಟು ಸವದು ಕಡಿಮ್ಯಾಗತೈತಿ, ಅದಕ್ಕ ಒಮ್ಮೆ ಇಟ್ಟು ಮರೀಬ್ಯಾಡ್ರಿ. ಬೆರಳಿಗೆ ಹತ್ತರ ದೂರ ಮಾಡೂ ಗಾಲಿ ಇರೂ ಲಿವರ್ ಆದ್ರ, ಹಿಡಿಕಿಗೆ ಭಾಳ ಹತ್ತರ ಇಟ್ಟಾಗಲೂ ಕ್ಲಚ್ ಪೂರ್ತಿ ಬಿಡ್ತೈತೇನು ನೋಡ್ರಿ. ಎಲ್ಲಾ ಆದ ಮ್ಯಾಲೆ ಅಡ್ಜಸ್ಟರಿನ ಸೀಳು ಯೋಕಿನ ಸೀಳಿಗೆ ಸರಿಯಾಗಿ ನಿಂತಿರಬಾರದು, ತುಸು ತಿರುವಿ ಚೆಕ್‌ನಟ್ಟು ಬಿಗೀರಿ. ಇಲ್ಲಂದ್ರ ವೈರೂ ಹೊರಗ ಜಿಗೀತೈತಿ, ಮಳಿನೀರೂ ಒಳಗ ಇಳೀತೈತಿ.

ಹ್ಯಾಂಡಲ್ ಎಡಕ್ಕ ಬಲಕ್ಕ ಪೂರ್ತಿ ಹೊಳ್ಳಿಸಿ ಆಟ ಅಷ್ಟ ಐತೇನು ನೋಡ್ರಿ. ಬದಲಾದ್ರ ವೈರು ಎಲ್ಲೋ ಸಿಕ್ಕೊಂಡೈತಿ. ಚಾಲೂ ಮಾಡಿ, ಬ್ರೇಕ್ ಹಿಡದು, ಲಿವರ್ ಪೂರ್ತಿ ಹಿಡಕೊಂಡು ಮೊದಲನೇ ಗೇರಿಗೆ ಹಾಕ್ರಿ, ಗಾಡಿ ಮುಂದ ಜಗ್ಗಬಾರದು. ಹತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಕಾದ ಮ್ಯಾಲೆ ಆಟ ಇನ್ನೊಮ್ಮೆ ನೋಡ್ರಿ. ವಾರ ಬಿಟ್ಟು ತಳಗಿನ ನಟ್ಟಿಗೆ ಪಾನಾ ಹಚ್ರಿ, ಗುಂಡಿನ ಬುಡ ಬೆಳಕಿಗೆ ಹಿಡದು ನೋಡ್ರಿ. ಒಂದ ಎಳಿ ಕಡದಿದ್ರೂ ಅವತ್ತ ವೈರು ಬದಲ ಮಾಡ್ರಿ. ಹಳೇ ಲಿವರ್ ಮುರೀದ ಉಳದಿದ್ರ ಒಗೀಬ್ಯಾಡ್ರಿ, ಅರಿವ್ಯಾಗ ಸುತ್ತಿ ಗಾಡಿ ಡಬ್ಬ್ಯಾಗ ಇಟಗೋರಿ.